ಪರವೂರಿನ ದಾದಿಯೂ ಮದ್‌ಯನ್‌ನ ನೆರಳೂ



ಒಂದು ಪ್ರಶ್ನೆಗೆ ನಾನು ಕೊಟ್ಟ ಉತ್ತರ ಸರಿಯಾಗಿತ್ತೇ ಎಂದು ಕಳೆದ ಕೆಲವು ತಿಂಗಳುಗಳಿಂದ ಯೋಚಿಸುತ್ತಿದ್ದೇನೆ. ಆ ಯೋಚನೆಯನ್ನು ನಿಮ್ಮ ಮುಂದಿಡಲೆಂದೇ ಈ ಬರಹ. ನಿಮ್ಮಲ್ಲಿ ಹಲವರ ಮನೆಯ ಮಗಳೋ ಸೊಸೆಯೋ ತಂಗಿಯೋ ಇಂದು ದೂರದ ಊರಿನ ಆಸ್ಪತ್ರೆಯೊಂದರಲ್ಲಿ ದುಡಿಯುತ್ತಿರಬಹುದು. ಹಾಗಾಗಿ ಈ ಪ್ರಶ್ನೆ ನನ್ನದು ಮಾತ್ರವಲ್ಲ, ನಿಮ್ಮದೂ ಹೌದು.

ಪ್ರಶ್ನೆ ಕೇಳಿದವಳು ನನ್ನ ಹಳೆಯ ವಿದ್ಯಾರ್ಥಿನಿ. ಸುಮಾರು ಹದಿನೈದು ವರ್ಷಗಳ ಹಿಂದೆ ಮದ್ರಸದ ಮುಂದಿನ ಬೆಂಚಿನಲ್ಲಿ ಕುಳಿತು ಯಾಸೀನ್ ಸೂರವನ್ನು ತಪ್ಪಿಲ್ಲದೆ ಒಪ್ಪಿಸುತ್ತಿದ್ದ ಹುಡುಗಿ. ಮುಂದೆ ಮಂಗಳೂರಿನಲ್ಲಿ ನರ್ಸಿಂಗ್ ಕಲಿತಳು. ಬೆಂಗಳೂರಿನಲ್ಲಿ ಒಂದು ವರ್ಷ, ಹೈದರಾಬಾದಿನಲ್ಲಿ ಒಂದು ವರ್ಷ ದುಡಿದಳು. ಬಳಿಕ ಎರಡು ವರ್ಷಗಳ ಕರಾರಿನ ಮೇಲೆ ಗಲ್ಫಿಗೆ ಹೋದಳು. ಒಂದು ರಾತ್ರಿ ಇಶಾ ನಮಾಝಿನ ನಂತರ ಅವಳ ಕರೆ ಬಂತು. ಕುಶಲ ವಿಚಾರಿಸಿ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಬಳಿಕ ಹೀಗೆ ಕೇಳಿದಳು:

"ಉಸ್ತಾದ್, ಮೊದಲೆಲ್ಲ ರೋಗಿ ನರಳಿದರೆ ನನ್ನ ಕಣ್ಣು ತುಂಬುತ್ತಿತ್ತು. ಈಗ ಏನೂ ಅನಿಸುವುದಿಲ್ಲ. ನಮಾಝಿಗೆ ನಿಂತರೂ ಏನೂ ಅನಿಸುವುದಿಲ್ಲ. ನನ್ನ ಈಮಾನ್ ಕಡಿಮೆಯಾಗಿದೆಯೇ?"

ನಾನು ಉತ್ತರಿಸಲು ತಡಮಾಡಲಿಲ್ಲ. "ಸಬ್ರ್ ಮಾಡು ಮಗಳೇ. ದಿಕ್ರ್ ಹೆಚ್ಚಿಸು. ಎಷ್ಟೋ ಮಂದಿಗೆ ಇಂಥ ಕೆಲಸವೂ ಇಲ್ಲ, ಶುಕ್ರ್ ಮಾಡು" ಎಂದೆ. ಅವಳು "ಸರಿ ಉಸ್ತಾದ್" ಎಂದು ಫೋನ್ ಇಟ್ಟಳು. ಆಮೇಲೆ ಕರೆ ಮಾಡಲಿಲ್ಲ. ಕೆಲವು ವಾರಗಳ ನಂತರ ಅವಳ ಉಮ್ಮ ಮನೆಗೆ ಬಂದು, ಮಗಳು ರಾತ್ರಿ ಪಾಳಿಯಲ್ಲಿ ತಲೆ ತಿರುಗಿ ಬಿದ್ದಳೆಂದೂ, ತಿಂಗಳುಗಳಿಂದ ಸರಿಯಾಗಿ ನಿದ್ದೆ ಮಾಡಿರಲಿಲ್ಲವೆಂದೂ, ಮನೆಯವರಿಗೆ ಏನನ್ನೂ ಹೇಳಿರಲಿಲ್ಲವೆಂದೂ ಕಣ್ಣೊರೆಸಿಕೊಂಡು ಹೇಳಿದರು. "ನಿಮಗಾದರೂ ಏನಾದರೂ ಹೇಳಿದ್ದಳೇ?" ಎಂದು ಕೇಳಿದರು.

ಹೇಳಿದ್ದಳು. ನಾನು ಕೇಳಿಸಿಕೊಂಡಿರಲಿಲ್ಲ.

ನಾನು ಕೊಟ್ಟ ಉತ್ತರದಲ್ಲಿ ಸುಳ್ಳೇನೂ ಇರಲಿಲ್ಲ. ಸಹನೆಯೂ ದೇವಸ್ಮರಣೆಯೂ ಕೃತಜ್ಞತೆಯೂ ಸತ್ಯವಿಶ್ವಾಸಿಯ ಆಸ್ತಿ. ಆದರೆ ಒಂದು ಮಾತು ಸತ್ಯವಾಗಿದ್ದೂ ಅದನ್ನು ಹೇಳಿದ ಜಾಗ ತಪ್ಪಾಗಿರಬಹುದು. ಬಾಯಾರಿದವನಿಗೆ ನೀರು ಕೊಡುವ ಬದಲು ನೀರಿನ ಮಹತ್ವದ ಬಗ್ಗೆ ಪ್ರವಚನ ಕೊಟ್ಟಂತೆ ಆಯಿತು ನನ್ನ ಉತ್ತರ. ಅದರಿಂದಾಗಿಯೇ ಈ ಪ್ರಶ್ನೆ ನನ್ನೊಳಗೆ ಉಳಿಯಿತು: "ದಣಿದಿದ್ದೇನೆ" ಎಂದು ಹೇಳುವುದು ವಿಶ್ವಾಸದ ದೌರ್ಬಲ್ಯವೇ? ಸಹನೆ ಎಂದರೆ ಬಾಯಿ ಮುಚ್ಚಿಕೊಂಡಿರುವುದೇ?

ಊರೂರು ತಿರುಗುವ ದಾದಿ

ಅಮೆರಿಕದಲ್ಲಿ ಟ್ರಾವೆಲ್ ನರ್ಸ್ ಎಂಬ ಒಂದು ವರ್ಗವೇ ಇದೆ. ಯಾವ ಆಸ್ಪತ್ರೆಯಲ್ಲಿ ದಾದಿಯರ ಕೊರತೆ ಇದೆಯೋ ಅಲ್ಲಿಗೆ ಏಜೆನ್ಸಿಯ ಮೂಲಕ ಸಾಮಾನ್ಯವಾಗಿ 13 ವಾರಗಳ ಕರಾರಿನ ಮೇಲೆ ಹೋಗುವುದು, ಕರಾರು ಮುಗಿದರೆ ಮತ್ತೊಂದು ಊರಿಗೆ ಹೊರಡುವುದು ಇವರ ಬದುಕು. 12 ಗಂಟೆಗಳ ಪಾಳಿ ಅಲ್ಲಿ ಸಾಮಾನ್ಯ. 2020ರಲ್ಲಿ ಕೋವಿಡ್ ಹರಡಿದಾಗ ಇಂಥವರಿಗೆ ಬೇಡಿಕೆ ವಿಪರೀತವಾಗಿ ಹೆಚ್ಚಿತು. ಫ್ಲಾರೆನ್ಸ್ ನೈಟಿಂಗೇಲ್ ಹುಟ್ಟಿ 200 ವರ್ಷ ತುಂಬುವ ಆ ವರ್ಷವನ್ನು ವಿಶ್ವ ಆರೋಗ್ಯ ಸಂಸ್ಥೆಯು ದಾದಿಯರ ಮತ್ತು ಸೂಲಗಿತ್ತಿಯರ ವರ್ಷವೆಂದು ಮೊದಲೇ ಘೋಷಿಸಿತ್ತು. ಗೌರವಿಸಬೇಕಾಗಿದ್ದ ವರ್ಷದಲ್ಲೇ ಅವರು ಅತಿ ಹೆಚ್ಚು ದಣಿದರು.

ನಮ್ಮ ಕರಾವಳಿಯ ಹೆಣ್ಣುಮಕ್ಕಳ ಕರಾರು 13 ವಾರಗಳದ್ದಲ್ಲ, ಎರಡು ಮೂರು ವರ್ಷಗಳದ್ದು. ಆದರೆ ಸಂಕಟ ಅದೇ. ಹೊಸ ವಾರ್ಡಿನಲ್ಲಿ ಔಷಧದ ಕಪಾಟು ಎಲ್ಲಿದೆ ಎಂಬುದರಿಂದಲೇ ಕಲಿಕೆ ಮೊದಲಾಗಬೇಕು. ಸಂಶಯ ಬಂದರೆ ಯಾರನ್ನು ಕೇಳಬೇಕು, ಕೇಳಿದರೆ ಯಾರು ನಗುತ್ತಾರೆ ಎಂಬುದು ತಿಳಿದಿರುವುದಿಲ್ಲ. ರೋಗಿಯ ಭಾಷೆ ಒಂದು, ವೈದ್ಯರ ಭಾಷೆ ಇನ್ನೊಂದು, ತಾನು ಅಳುವ ಭಾಷೆ ಮತ್ತೊಂದು. ಒಂದು ವಾರ ಹಗಲು ಪಾಳಿ, ಮರುವಾರ ರಾತ್ರಿ ಪಾಳಿ. ಮುಂಜಾನೆ ತನ್ನ ಕೈಯಲ್ಲೇ ಒಬ್ಬರ ಪ್ರಾಣ ಹೋಗಿರುತ್ತದೆ, ಮಧ್ಯಾಹ್ನ ಎಚ್ಚರವಾದಾಗ ಅದನ್ನು ಹೇಳಿಕೊಳ್ಳಲು ಕೋಣೆಯಲ್ಲಿ ಯಾರೂ ಇರುವುದಿಲ್ಲ.

ಊರಿಗೆ ಫೋನ್ ಮಾಡಿದರೆ ಅವಳು "ನಾನು ಚೆನ್ನಾಗಿದ್ದೇನೆ ಉಮ್ಮ" ಎನ್ನುತ್ತಾಳೆ. ಉಮ್ಮ "ನಾವೂ ಚೆನ್ನಾಗಿದ್ದೇವೆ ಮೋಳೇ" ಎನ್ನುತ್ತಾರೆ. ಅವಳು ತನ್ನ ಜ್ವರವನ್ನು ಬಚ್ಚಿಡುತ್ತಾಳೆ, ಇವರು ಉಪ್ಪನ ಸಕ್ಕರೆ ಕಾಯಿಲೆಯನ್ನು ಬಚ್ಚಿಡುತ್ತಾರೆ. ಪ್ರೀತಿಯಿಂದಲೇ ಹೇಳಿದ ಈ ಎರಡು ಸುಳ್ಳುಗಳ ನಡುವೆ ಇಬ್ಬರೂ ಒಂಟಿಯಾಗುತ್ತಾರೆ.

ಇಂಥ ಸ್ಥಿತಿಗೆ ಇಂದಿನ ವೈದ್ಯಶಾಸ್ತ್ರದಲ್ಲಿ ಒಂದು ಹೆಸರಿದೆ, ಬರ್ನ್‌ಔಟ್. ವಿಶ್ವ ಆರೋಗ್ಯ ಸಂಸ್ಥೆಯು 2019ರಲ್ಲಿ ಅಂಗೀಕರಿಸಿದ ರೋಗಗಳ ವರ್ಗೀಕರಣದಲ್ಲಿ ಇದನ್ನು ರೋಗವೆಂದು ಕರೆದಿಲ್ಲ. ಕೆಲಸದ ಜಾಗದ ಒತ್ತಡ ಬಹುಕಾಲ ಪರಿಹಾರವಿಲ್ಲದೆ ಉಳಿದಾಗ ಉಂಟಾಗುವ ಸ್ಥಿತಿ ಎಂದು ಗುರುತಿಸಿದೆ. ಅದರ ಲಕ್ಷಣಗಳು ಮೂರು: ಶಕ್ತಿಯೆಲ್ಲ ಬತ್ತಿಹೋದಂತಾಗುವುದು, ಕೆಲಸದಿಂದ ಮನಸ್ಸು ದೂರ ಸರಿದು ಮರಗಟ್ಟುವುದು, ತನ್ನಿಂದ ಏನೂ ಆಗದು ಎನಿಸುವುದು. ಇದನ್ನು ಓದಿದ ದಿನ ನನಗೆ ನನ್ನ ವಿದ್ಯಾರ್ಥಿನಿಯ ಮಾತು ನೆನಪಾಯಿತು. "ಏನೂ ಅನಿಸುವುದಿಲ್ಲ" ಎಂದು ಅವಳು ವರ್ಣಿಸಿದ್ದು ಎರಡನೆಯ ಲಕ್ಷಣವನ್ನು. ನಾನು ಅದನ್ನು ಈಮಾನಿನ ಲೆಕ್ಕದ ಪುಸ್ತಕದಲ್ಲಿ ಬರೆದುಬಿಟ್ಟೆ.

ಪ್ರವಾದಿಗಳು ನೋವನ್ನು ಬಚ್ಚಿಟ್ಟರೇ?

ಸಬ್ರ್ ಎಂಬ ಅರಬಿ ಪದದ ಮೂಲದಲ್ಲಿ ತಡೆದು ಹಿಡಿಯುವುದು ಎಂಬ ಅರ್ಥವಿದೆ. ಏನನ್ನು ತಡೆದು ಹಿಡಿಯಬೇಕು? ಅಲ್ಲಾಹನ ಬಗ್ಗೆ ಕೆಟ್ಟ ಭಾವನೆ ತಾಳದಂತೆ ಮನಸ್ಸನ್ನು, ಅವನು ಮೆಚ್ಚದ ಮಾತನ್ನಾಡದಂತೆ ನಾಲಗೆಯನ್ನು, ಅನ್ಯಾಯಕ್ಕೆ ಇಳಿಯದಂತೆ ಕೈಯನ್ನು. ಕಣ್ಣೀರನ್ನು ತಡೆಯಬೇಕೆಂದು ಯಾರೂ ಹೇಳಲಿಲ್ಲ. ನೋವನ್ನು ಹೇಳಿಕೊಳ್ಳಬಾರದೆಂದೂ ಹೇಳಲಿಲ್ಲ.

ಅಯ್ಯೂಬ್(ಅ)ರನ್ನು ನೋಡಿ. ಸಹನೆ ಎಂದೊಡನೆ ನಮಗೆ ನೆನಪಾಗುವ ಮೊದಲ ಹೆಸರು ಅವರದು. ಅವರು ತನಗೆ ಕಷ್ಟ ತಗಲಿದೆ ಎಂದು ತನ್ನ ಪ್ರಭುವನ್ನು ಕೂಗಿ ಹೇಳಿದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ (ಅಲ್ ಅಂಬಿಯಾ: 83). ಅದೇ ಅಯ್ಯೂಬರನ್ನು ಇನ್ನೊಂದೆಡೆ ಅಲ್ಲಾಹನು ಸಹನಶೀಲ ದಾಸನೆಂದು ಹೊಗಳುತ್ತಾನೆ (ಸಾದ್: 44). ನೋವನ್ನು ಬಾಯಿಬಿಟ್ಟು ಹೇಳಿದ್ದರಿಂದ ಅವರ ಸಹನೆಗೆ ಕುಂದು ಬರಲಿಲ್ಲ. ಅಷ್ಟೇ ಅಲ್ಲ, ಆ ಪ್ರಾರ್ಥನೆಗೆ ಉತ್ತರವಾಗಿ ಬಂದದ್ದೇನು? ಕಾಲಿನಿಂದ ನೆಲವನ್ನು ತುಳಿಯಲು ಅಪ್ಪಣೆಯಾಯಿತು. ಸ್ನಾನಕ್ಕೂ ಕುಡಿಯಲಿಕ್ಕೂ ತಣ್ಣನೆಯ ನೀರು ದೊರೆಯಿತು. ಅಂದರೆ ಅವರ ಶರೀರಕ್ಕೆ ಉಪಚಾರ ಸಿಕ್ಕಿತು. ಸಹನೆಯ ಹೆಸರಿನಲ್ಲಿ ಉಪಚಾರವನ್ನು ನಿರಾಕರಿಸುವವರು ಈ ನೀರನ್ನು ಮರೆಯಬಾರದು.

ಯಾಕೂಬ್(ಅ) ಚೆಲುವಾದ ಸಹನೆಯ ಮಾತನಾಡಿದವರು. ಆದರೂ ಮಗ ಯೂಸುಫ್(ಅ)ರ ಅಗಲಿಕೆಯ ದುಃಖದಿಂದ ಅವರ ಕಣ್ಣುಗಳು ಬೆಳ್ಳಗಾದವು. ನಮ್ಮ ಪ್ರವಾದಿವರ್ಯರು(ಸ) ಪುಟ್ಟ ಮಗ ಇಬ್ರಾಹೀಮ್ ತೀರಿಕೊಂಡಾಗ ಕಣ್ಣೀರು ಸುರಿಸಿದರು. ಕಣ್ಣು ತುಂಬುತ್ತದೆ, ಹೃದಯ ನೋಯುತ್ತದೆ, ಆದರೆ ಪ್ರಭು ಮೆಚ್ಚದ ಮಾತನ್ನು ನಾವು ಆಡುವುದಿಲ್ಲ ಎಂಬರ್ಥದ ಅವರ ನುಡಿ ಪ್ರಸಿದ್ಧವಾಗಿದೆ. ಹ. ಖದೀಜಾ(ರ) ಮತ್ತು ಅಬೂತಾಲಿಬ್ ಇಬ್ಬರೂ ಅಗಲಿದ ವರ್ಷವನ್ನು ಚರಿತ್ರೆಯಲ್ಲಿ ದುಃಖದ ವರ್ಷವೆಂದೇ ಕರೆಯುತ್ತಾರೆ. ವಿಶ್ವಾಸಿಗೆ ದುಃಖವೇ ಇರಬಾರದು ಎಂದಿದ್ದರೆ ಆ ಹೆಸರು ನಮ್ಮ ಗ್ರಂಥಗಳಲ್ಲಿ ಉಳಿಯುತ್ತಿರಲಿಲ್ಲ.

ಸೇವೆಗೆ ಮಿತಿ ಇದೆಯೇ?

ಇಲ್ಲಿ ನೀವೊಂದು ಪ್ರಶ್ನೆ ಕೇಳಬಹುದು. ರೋಗಿಯ ಸೇವೆ ಪುಣ್ಯಕಾರ್ಯ. ಒಂದು ಜೀವವನ್ನು ಉಳಿಸುವುದು ಇಡೀ ಮಾನವ ಕುಲವನ್ನು ಉಳಿಸಿದಂತೆ ಎಂಬುದು ಕುರ್‌ಆನಿನ ಬೋಧನೆ (ಅಲ್ ಮಾಇದಃ: 32). ಅಂಥ ಕೆಲಸದಲ್ಲಿರುವವಳು ತನ್ನ ಸುಖ ನೋಡಬಹುದೇ? ತನ್ನನ್ನು ತಾನು ಸವೆಸಿಕೊಳ್ಳುವುದಲ್ಲವೇ ತ್ಯಾಗ?

ಇದು ಉಪೇಕ್ಷಿಸುವಂಥ ಪ್ರಶ್ನೆಯಲ್ಲ. ಉತ್ತರಕ್ಕಾಗಿ ಮದೀನಕ್ಕೆ ಹೋಗೋಣ. ಹ. ಅಬುದ್ದರ್‌ದಾ(ರ) ಹಗಲೆಲ್ಲ ಉಪವಾಸ, ರಾತ್ರಿಯೆಲ್ಲ ನಮಾಝು ಎಂದು ಬದುಕುತ್ತಿದ್ದರು. ಅವರ ಮನೆಗೆ ಅತಿಥಿಯಾಗಿ ಬಂದ ಹ. ಸಲ್ಮಾನ್(ರ) ಮನೆಯಾಕೆಯ ಬಾಡಿದ ಸ್ಥಿತಿಯನ್ನು ನೋಡಿ ವಿಷಯ ತಿಳಿದರು. ಗೆಳೆಯನನ್ನು ತನ್ನೊಂದಿಗೆ ಉಣ್ಣುವಂತೆ ಮಾಡಿದರು. ರಾತ್ರಿ ಎದ್ದಾಗಲೆಲ್ಲ ಮಲಗಿಸಿದರು. ಕೊನೆಯ ಜಾವದಲ್ಲಿ ಎಬ್ಬಿಸಿ ಇಬ್ಬರೂ ಸೇರಿ ನಮಾಝು ಮಾಡಿದರು. ಬಳಿಕ, ನಿನ್ನ ಪ್ರಭುವಿಗೆ ನಿನ್ನ ಮೇಲೆ ಹಕ್ಕಿರುವಂತೆ ನಿನ್ನ ದೇಹಕ್ಕೂ ನಿನ್ನ ಮನೆಯವರಿಗೂ ಹಕ್ಕಿದೆ, ಪ್ರತಿಯೊಬ್ಬರಿಗೂ ಅವರ ಹಕ್ಕನ್ನು ಕೊಡು ಎಂದು ತಿಳಿಹೇಳಿದರು. ವಿಷಯ ಪ್ರವಾದಿ(ಸ)ರಿಗೆ ತಲಪಿದಾಗ ಅವರು ಸಲ್ಮಾನ್ ಹೇಳಿದ್ದು ಸತ್ಯವೆಂದರು. ಇದು ಬುಖಾರಿಯಲ್ಲಿರುವ ಹದೀಸ್.

ಹಕ್ಕು ಎಂಬ ಪದವನ್ನು ಗಮನಿಸಿ. ನಿದ್ದೆ ನಾವು ನಮಗೆ ಕೊಟ್ಟುಕೊಳ್ಳುವ ಬಹುಮಾನವಲ್ಲ, ಶರೀರಕ್ಕೆ ಸಲ್ಲಬೇಕಾದ ಬಾಕಿ. ಈ ಶರೀರ ಅಲ್ಲಾಹನು ನಮ್ಮ ಕೈಗಿತ್ತ ಅಮಾನತ್. ಬೇರೊಬ್ಬರು ಇರಿಸಲು ಕೊಟ್ಟ ಚಿನ್ನವನ್ನು ದಾನ ಮಾಡಿ ಪುಣ್ಯ ಗಳಿಸಲು ಯಾರಿಗೂ ಅಧಿಕಾರವಿಲ್ಲ.

ಇನ್ನೂ ಒಂದು ಮಾತಿದೆ. ದಾದಿಯ ನಿದ್ದೆ ಅವಳೊಬ್ಬಳ ವಿಷಯವಲ್ಲ. ಎರಡು ದಿನ ಕಣ್ಣು ಮುಚ್ಚದವಳು ಸಿರಿಂಜಿನಲ್ಲಿ ಔಷಧ ಅಳೆಯುವಾಗ ಒಂದು ಗೆರೆ ತಪ್ಪಿದರೆ ತೊಂದರೆಗೊಳಗಾಗುವವನು ರೋಗಿ. ಮನಸ್ಸು ಮರಗಟ್ಟಿದವಳು ರೋಗಿಯ ನರಳಾಟವನ್ನು ಕೇಳಿಯೂ ಕೇಳದಂತೆ ಹೋದರೆ ನಷ್ಟ ಅನುಭವಿಸುವವನು ರೋಗಿ. ಆದ್ದರಿಂದ ಅವಳ ವಿಶ್ರಾಂತಿಯಲ್ಲಿ ರೋಗಿಗೂ ಪಾಲಿದೆ. ತನ್ನನ್ನು ಸವೆಸಿಕೊಳ್ಳುವುದೇ ತ್ಯಾಗ ಎನ್ನುವವರು, ಸವೆದ ಕೈಯಿಂದ ಸೇವೆ ಪಡೆಯುವವನ ಸ್ಥಾನದಲ್ಲಿ ನಿಂತು ಯೋಚಿಸಲಿ.

ಇಸ್ಲಾಮಿನ ಇತಿಹಾಸದಲ್ಲಿ ಶುಶ್ರೂಷೆಗೆ ದೊಡ್ಡ ಸ್ಥಾನವಿದೆ. ಖಂದಕ್ ಯುದ್ಧದಲ್ಲಿ ಗಾಯಗೊಂಡ ಹ. ಸಅದ್ ಬಿನ್ ಮುಆದ್(ರ)ರನ್ನು ಹ. ರುಫೈದಾ(ರ)ರ ಡೇರೆಯಲ್ಲಿ ಇರಿಸಿ ಶುಶ್ರೂಷೆ ಮಾಡಲಾಯಿತು. ಆ ಡೇರೆ ಇದ್ದದ್ದು ಪ್ರವಾದಿ(ಸ)ರ ಮಸೀದಿಯ ಆವರಣದಲ್ಲಿ. ಹ. ಉಮ್ಮು ಅತಿಯ್ಯಾ(ರ) ತಾನು ಪ್ರವಾದಿ(ಸ)ರೊಂದಿಗೆ ಏಳು ಯುದ್ಧಯಾತ್ರೆಗಳಲ್ಲಿ ಹೋಗಿ ಅಡುಗೆ ಮಾಡಿದ್ದನ್ನೂ ಗಾಯಾಳುಗಳನ್ನು ಉಪಚರಿಸಿದ್ದನ್ನೂ ಹೇಳಿಕೊಂಡಿದ್ದಾರೆ. ಏಳು ಬಾರಿ ಹೋದರು ಎಂದರೆ ಮರಳಿ ಮದೀನಕ್ಕೆ ಬಂದರು ಎಂದೂ ಅರ್ಥ. ಹೋಗುವುದು ಸೇವೆಯಾದಂತೆ ಮರಳುವುದೂ ಆ ಸೇವೆಯ ಭಾಗವೇ ಆಗಿತ್ತು.

ಮದ್‌ಯನ್‌ನ ಬಾವಿಯ ಬಳಿ

ಪರವೂರಿನಲ್ಲಿ ಕರಾರಿನ ಮೇಲೆ ದುಡಿಯುವವರ ಕತೆಯೊಂದು ಕುರ್‌ಆನಿನಲ್ಲೇ ಇದೆ. ಎಷ್ಟೋ ಸಲ ಓದಿಯೂ ನಾನದನ್ನು ಹಾಗೆ ಓದಿರಲಿಲ್ಲ.

ಮೂಸಾ(ಅ) ಪ್ರಾಣಭಯದಿಂದ ಈಜಿಪ್ಟ್ ಬಿಟ್ಟು ಮದ್‌ಯನ್‌ಗೆ ಬಂದರು. ಅಲ್ಲಿ ಅವರಿಗೆ ಪರಿಚಯದವರಿಲ್ಲ, ಇರಲು ಮನೆಯಿಲ್ಲ. ಬಾವಿಯ ಬಳಿ ಜನ ಜಾನುವಾರುಗಳಿಗೆ ನೀರು ಕುಡಿಸುತ್ತಿದ್ದರು. ಇಬ್ಬರು ಹೆಣ್ಣುಮಕ್ಕಳು ತಮ್ಮ ಕುರಿಗಳನ್ನು ತಡೆದು ದೂರ ನಿಂತಿದ್ದರು. ತಂದೆ ವೃದ್ಧರು, ಕುರುಬರೆಲ್ಲ ಹೋಗದೆ ತಮಗೆ ನೀರು ಕುಡಿಸಲು ಆಗದು ಎಂದರು. ಮೂಸಾ(ಅ) ಅವರ ಕುರಿಗಳಿಗೆ ನೀರು ಕುಡಿಸಿದರು (ಅಲ್ ಕಸಸ್: 22-28).

ಮುಂದೇನಾಯಿತು? ಅವರು ಇನ್ನಷ್ಟು ಕುರಿಗಳನ್ನು ಹುಡುಕಿಕೊಂಡು ಹೋಗಲಿಲ್ಲ. ನೆರಳಿಗೆ ಸರಿದರು. ನೆರಳಿನಲ್ಲಿ ಕುಳಿತು, ನೀನು ಯಾವ ಒಳಿತನ್ನು ಇಳಿಸಿದರೂ ನಾನದರ ಅಗತ್ಯವುಳ್ಳವನು ಎಂಬರ್ಥದಲ್ಲಿ ತನ್ನ ಪ್ರಭುವಿನ ಮುಂದೆ ಬೇಡಿಕೊಂಡರು. ಆ ಪ್ರಾರ್ಥನೆಗೆ ಉತ್ತರ ಆಕಾಶದಿಂದ ತಟ್ಟೆಯಲ್ಲಿ ಇಳಿಯಲಿಲ್ಲ. ಆ ಹೆಣ್ಣುಮಕ್ಕಳಲ್ಲಿ ಒಬ್ಬಳು ನಾಚಿಕೆಯಿಂದ ನಡೆದು ಬಂದು ತಂದೆಯ ಕರೆಯನ್ನು ತಿಳಿಸಿದಳು. ಮೂಸಾ(ಅ) ಸ್ವಾಭಿಮಾನದ ಹೆಸರಿನಲ್ಲಿ ಬೇಡವೆನ್ನಲಿಲ್ಲ. ಹೋದರು, ತನ್ನ ಕತೆಯನ್ನೆಲ್ಲ ಹೇಳಿಕೊಂಡರು. ಆ ವೃದ್ಧರು ಮೊದಲು ಹೇಳಿದ್ದು ಭಯಪಡಬೇಡ ಎಂಬ ಮಾತನ್ನು. ಬಳಿಕ ಎಂಟು ವರ್ಷಗಳ ದುಡಿಮೆಯ ಕರಾರು ನಡೆಯಿತು, ಹತ್ತು ಪೂರೈಸಿದರೆ ಅದು ಮೂಸಾರ ಇಷ್ಟ. ಕರಾರು ಮಾಡುವಾಗ, ನಿನಗೆ ಕಷ್ಟ ಕೊಡುವ ಇಚ್ಛೆ ನನಗಿಲ್ಲ ಎಂದು ಯಜಮಾನನೇ ಹೇಳಿದರು.

ಓದುಗರೇ, ಈ ಕ್ರಮವನ್ನು ಮತ್ತೊಮ್ಮೆ ನೋಡಿ. ಮೊದಲು ಸೇವೆ, ಆಮೇಲೆ ನೆರಳು, ನೆರಳಿನಲ್ಲಿ ಪ್ರಾರ್ಥನೆ, ನಂತರ ಮನುಷ್ಯನೊಬ್ಬನ ಮುಂದೆ ತನ್ನ ಕತೆ, ಕೊನೆಗೆ ಸ್ಪಷ್ಟವಾದ ಕರಾರು. ನನ್ನ ವಿದ್ಯಾರ್ಥಿನಿಗೆ ನಾನು ಕೊಟ್ಟದ್ದು ಇವುಗಳಲ್ಲಿ ಮೂರನೆಯದನ್ನು ಮಾತ್ರ. ನೆರಳಿಲ್ಲದವಳಿಗೆ ಬಿಸಿಲಲ್ಲೇ ನಿಂತು ಪ್ರಾರ್ಥಿಸು ಎಂದೆ. ಅವಳು ತನ್ನ ಕತೆ ಹೇಳಲು ಬಂದಾಗ ಎರಡು ನಿಮಿಷದಲ್ಲಿ ಬಾಗಿಲು ಮುಚ್ಚಿದೆ.

ದೂರದಲ್ಲಿರುವ ಸೋದರಿಗೆ

ಸೋದರೀ, ಈ ಪುಟ ನಿನ್ನ ಕೈಗೂ ಬಂದರೆ ಕೆಲವು ಮಾತುಗಳನ್ನು ಕೇಳು.

ಮೊದಲನೆಯದು ನಿದ್ದೆ. ಹಗಲು ಮಲಗುವುದು ಸೋಮಾರಿತನವೆಂಬ ಭಾವನೆ ನಮ್ಮ ಮನೆಗಳಲ್ಲಿದೆ. ಆದರೆ ಅರ್‌ರೂಮ್ ಅಧ್ಯಾಯದ 23ನೇ ಸೂಕ್ತದಲ್ಲಿ ರಾತ್ರಿಯ ನಿದ್ದೆಯ ಜೊತೆ ಹಗಲಿನ ನಿದ್ದೆಯನ್ನೂ ಅಲ್ಲಾಹನ ದೃಷ್ಟಾಂತಗಳಲ್ಲಿ ಎಣಿಸಲಾಗಿದೆ. ರಾತ್ರಿ ಪಾಳಿ ಮುಗಿಸಿ ಬಂದವಳು ಕಿಟಕಿಗೆ ದಪ್ಪ ಪರದೆ ಎಳೆದು, ಫೋನ್ ಬಂದ್ ಮಾಡಿ ಮಲಗುವುದು ಆ ದೃಷ್ಟಾಂತಕ್ಕೆ ಗೌರವ ಕೊಟ್ಟಂತೆ. ಊರಿನ ಕರೆಗೆ ಒಂದು ಹೊತ್ತನ್ನು ಗೊತ್ತು ಮಾಡಿ ಮನೆಯವರಿಗೆ ತಿಳಿಸು.

ದಣಿವಿನಿಂದ ಎಚ್ಚರವಾಗದೆ ಎಂದಾದರೂ ನಮಾಝು ತಪ್ಪಿಹೋದರೆ ಅದೇ ಕೊರಗನ್ನು ಹೊತ್ತು ತಿರುಗಬೇಡ. ಖೈಬರಿನಿಂದ ಮರಳುವಾಗ ಪ್ರವಾದಿ(ಸ) ಮತ್ತು ಸಹಾಬಿಗಳು ರಾತ್ರಿ ತಂಗಿದರು. ಕಾವಲಿಗೆ ಹ. ಬಿಲಾಲ್(ರ) ನಿಂತರು. ಅವರಿಗೂ ನಿದ್ದೆ ಬಂತು. ಬಿಸಿಲು ಮೈಗೆ ತಾಗಿದಾಗಲೇ ಎಲ್ಲರಿಗೂ ಎಚ್ಚರ. ತಮ್ಮನ್ನು ಹಿಡಿದ ನಿದ್ದೆಯೇ ನನ್ನನ್ನೂ ಹಿಡಿಯಿತು ಎಂಬಂತೆ ಬಿಲಾಲ್ ಹೇಳಿದರು. ಪ್ರವಾದಿ(ಸ) ಅವರನ್ನು ಗದರಿಸಲಿಲ್ಲ. ಸ್ವಲ್ಪ ಮುಂದೆ ಸಾಗಿ ನಮಾಝು ನಿರ್ವಹಿಸಿದರು. ಮರೆತವನು ಅಥವಾ ನಿದ್ರಿಸಿದವನು ನೆನಪಾದಾಗ ನಿರ್ವಹಿಸಲಿ ಎಂಬುದು ನಮಗೆ ಸಿಕ್ಕಿದ ನಿಯಮ. ಇದು ಉದಾಸೀನಕ್ಕೆ ಅನುಮತಿಯಲ್ಲ. ರಾತ್ರಿ ಪಾಳಿಯವರಿಗೆ ಅಲ್ಲಾಹನು ತೋರಿದ ಕರುಣೆ.

ಎರಡನೆಯದು, ಆ ಊರಿನಲ್ಲಿ ನೆಲೆ ನಿಲ್ಲು. ಫಿಕ್ಹ್‌ನ ಒಂದು ವಿಷಯ ಹೇಳುತ್ತೇನೆ. ಒಂದು ಊರಲ್ಲಿ ಪೂರ್ಣ ನಾಲ್ಕು ದಿನ ನಿಲ್ಲಲು ನಿಶ್ಚಯಿಸಿದವನು ಶಾಫಿಈ ಮದ್‌ಹಬಿನಂತೆ ಮುಸಾಫಿರ್ ಅಲ್ಲ. ಹನಫೀ ಮದ್‌ಹಬಿನಲ್ಲಿ ಆ ಮಿತಿ 15 ದಿನ. 13 ವಾರಕ್ಕೆ ಬಂದವಳೂ ಎರಡು ವರ್ಷಕ್ಕೆ ಬಂದವಳೂ ಶರೀಅತಿನ ಕಣ್ಣಿಗೆ ಅಲ್ಲಿನ ನಿವಾಸಿಯೇ. ಆದರೆ ನಮ್ಮ ಎಷ್ಟೋ ಹೆಣ್ಣುಮಕ್ಕಳು ಎರಡು ವರ್ಷವೂ ಸೂಟ್‌ಕೇಸಿನಿಂದಲೇ ಬಟ್ಟೆ ತೆಗೆದು ತೊಡುತ್ತಾರೆ. ಬಟ್ಟೆಯನ್ನು ಕಪಾಟಿಗೆ ಇಡು. ಮುಸಲ್ಲಾಕ್ಕೆ ಒಂದು ಮೂಲೆ ಮಾಡು. ವಾರಕ್ಕೊಮ್ಮೆಯಾದರೂ ಊರಿನ ಗಂಜಿ ಚಟ್ನಿ ಮಾಡಿ ಇನ್ನೊಬ್ಬಳನ್ನು ಊಟಕ್ಕೆ ಕರೆ. ಅವಳು ಯಾವ ಊರಿನವಳು, ಯಾವ ಧರ್ಮದವಳು ಎಂದು ನೋಡಬೇಡ. ನಿನ್ನ ಹಾಗೆಯೇ ಅವಳಿಗೂ ಸುಳ್ಳು ಹೇಳದೆ ಮಾತನಾಡಲು ಒಬ್ಬರು ಬೇಕು.

ಮೂರನೆಯದು, ರೋಗಿ ತೀರಿಕೊಂಡಾಗ ಅದನ್ನು ನಿನ್ನ ಸೋಲೆಂದು ಎಣಿಸಬೇಡ. ತಾನು ರೋಗಿಯಾದಾಗ ಗುಣಪಡಿಸುವವನು ಅಲ್ಲಾಹನೇ ಎಂದು ಇಬ್ರಾಹೀಮ್(ಅ) ಹೇಳಿದ್ದಾರೆ. ನಿನ್ನಿಂದ ಕೇಳಲಾಗುವುದು ನಿನ್ನ ಕೈಯ ನಿಷ್ಠೆ, ಅವನ ಕೈಯಲ್ಲಿರುವ ಆಯುಷ್ಯವಲ್ಲ. ಆ ಹಾಸಿಗೆಯ ಬಳಿ ಒಂದು ನಿಮಿಷ ನಿಲ್ಲು. ಅಳು ಬಂದರೆ ಅಳು. ಆಮೇಲೆ ಮುಂದಿನ ಹಾಸಿಗೆಗೆ ಹೋಗು.

ನಾಲ್ಕನೆಯದು, ವಾರಗಟ್ಟಲೆ ನಿದ್ದೆ ಬಾರದಿದ್ದರೆ, ಊಟ ಸೇರದಿದ್ದರೆ, ಬದುಕೇ ಬೇಡವೆನಿಸಿದರೆ ತಡಮಾಡದೆ ವೈದ್ಯರನ್ನು ಕಾಣು. ರಕ್ತದೊತ್ತಡಕ್ಕೆ ಮಾತ್ರೆ ನುಂಗಿದವನ ಈಮಾನನ್ನು ಯಾರೂ ಸಂಶಯಿಸುವುದಿಲ್ಲ. ಮನಸ್ಸಿನ ಕಾಯಿಲೆಗೆ ಮದ್ದು ಪಡೆದವಳ ಈಮಾನನ್ನು ಏಕೆ ಸಂಶಯಿಸಬೇಕು? ಚಿಕಿತ್ಸೆ ಪಡೆಯಿರಿ ಎಂಬ ಪ್ರವಾದಿ ಆದೇಶದಲ್ಲಿ ಮನಸ್ಸನ್ನು ಹೊರಗಿಟ್ಟಿಲ್ಲ. ನಮ್ಮ ದೇಶದೊಳಗೆ ಇರುವವರಿಗೆ 2022ರ ಅಕ್ಟೋಬರಿನಲ್ಲಿ ಸರಕಾರ ಆರಂಭಿಸಿದ ಟೆಲಿ ಮಾನಸ್ ಸೇವೆ ಇದೆ. 14416ಕ್ಕೆ ಕರೆ ಮಾಡಿದರೆ ಹಣ ಕೊಡದೆ, ಕನ್ನಡದಲ್ಲೇ ಮಾತನಾಡಬಹುದು.

ಐದನೆಯದು, ಮುಂದಿನ ಕರಾರಿಗೆ ಸಹಿ ಹಾಕುವ ಮೊದಲು ಪಾಳಿಯ ಗಂಟೆ, ವಾರದ ರಜೆ, ಊರಿಗೆ ಬರುವ ರಜೆ, ಮಧ್ಯದಲ್ಲಿ ಬಿಟ್ಟರೆ ಕೊಡಬೇಕಾದ ಹಣ, ಇವೆಲ್ಲವನ್ನೂ ಬರಹದಲ್ಲಿ ಓದು. ಮೂಸಾ(ಅ)ರ ಕರಾರಿನಲ್ಲಿ ವರ್ಷಗಳ ಲೆಕ್ಕ ಸ್ಪಷ್ಟವಾಗಿತ್ತು. ಅಲ್ಲಾಹನ ಮೇಲೆ ತವಕ್ಕುಲ್ ಇದೆಯೆಂದು ಓದದೆ ಸಹಿ ಹಾಕುವುದು ತವಕ್ಕುಲ್ ಅಲ್ಲ.

ಊರಿನಲ್ಲಿರುವ ನಮಗೆ

ಇನ್ನು ನಮ್ಮ ಮಾತು. ಹೆಣ್ಣುಮಗಳು ಒಂಟಿಯಾಗಿ ಪರದೇಶಕ್ಕೆ ಹೋಗಬಹುದೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆ ಚರ್ಚೆ ನಡೆಯಲಿ. ಆದರೆ ಅವಳು ಹೋಗಿದ್ದಾಳೆ, ಅವಳು ಕಳುಹಿಸಿದ ಹಣವನ್ನು ನಾವು ಪಡೆದಿದ್ದೇವೆ. ಹಣ ಪಡೆಯುವಾಗ ಇಲ್ಲದ ಸಂಶಯ ಅವಳು ಅತ್ತಾಗ ಮಾತ್ರ ಏಕೆ ಏಳುತ್ತದೆ?

ಪುರುಷರು ಗಳಿಸಿದ್ದರಲ್ಲಿ ಪುರುಷರಿಗೆ ಪಾಲು, ಸ್ತ್ರೀಯರು ಗಳಿಸಿದ್ದರಲ್ಲಿ ಸ್ತ್ರೀಯರಿಗೆ ಪಾಲು ಎಂಬ ಅರ್ಥದ ಸೂಕ್ತ ಅನ್ನಿಸಾ ಅಧ್ಯಾಯದಲ್ಲಿದೆ (32). ಸಂಸಾರದ ಖರ್ಚಿನ ಹೊಣೆ ಗಂಡನ ಮೇಲಿದೆ. ಹೆಣ್ಣಿನ ಸಂಪಾದನೆ ಅವಳದು. ಅವಳು ಮನೆಗೆ ಕೊಟ್ಟರೆ ಅದು ಅವಳ ಔದಾರ್ಯ, ನಮ್ಮ ಹಕ್ಕಲ್ಲ. ಇದನ್ನು ನಾವು ಮಿಂಬರಿನಲ್ಲಿ ಹೆಮ್ಮೆಯಿಂದ ಹೇಳುತ್ತೇವೆ. ಮನೆಗೆ ಬಂದು ತಮ್ಮನ ಬೈಕು, ತಂಗಿಯ ಮದುವೆ, ಮೇಲಿನ ಮಾಳಿಗೆ, ಎಲ್ಲದಕ್ಕೂ ಅವಳ ಕಡೆ ಕೈ ಚಾಚುತ್ತೇವೆ. ಆ ಮಾಳಿಗೆಯ ಒಂದೊಂದು ಕಲ್ಲಿನಲ್ಲೂ ಅವಳ ಒಂದೊಂದು ರಾತ್ರಿಯ ನಿದ್ದೆ ಇದೆ ಎಂಬುದು ನಮಗೆ ಹೊಳೆಯುವುದಿಲ್ಲ.

ಕೆಲವು ಮನೆಗಳಲ್ಲಿ ಬೇರೆ ದಾರಿಯೇ ಇರುವುದಿಲ್ಲ ಎಂಬುದನ್ನು ನಾನು ಬಲ್ಲೆ. ತಂದೆ ಇಲ್ಲ, ಅಥವಾ ಹಾಸಿಗೆ ಹಿಡಿದಿದ್ದಾರೆ, ಸಾಲ ಇದೆ, ದುಡಿಯುವ ಕೈ ಅವಳದೊಂದೇ. ಅಂಥವಳಿಗೆ ಬಿಟ್ಟು ಬಾ ಎಂದು ಹೇಳುವುದು ಸುಲಭ, ಬಂದ ಮೇಲೆ ಏನೆಂಬುದು ಕಷ್ಟ. ಅದಕ್ಕೆ ನನ್ನಲ್ಲಿ ಸಿದ್ಧ ಉತ್ತರವಿಲ್ಲ. ಆದರೆ ಹೊರೆ ಇಳಿಸಲಾಗದಿದ್ದರೂ ಹೊತ್ತವಳ ಮುಖ ನೋಡಬಹುದಲ್ಲವೇ? ಸಾಲ ಎಷ್ಟು ಉಳಿದಿದೆ, ಎಷ್ಟು ತಿಂಗಳಲ್ಲಿ ತೀರುತ್ತದೆ ಎಂಬ ಲೆಕ್ಕವನ್ನು ಅವಳ ಮುಂದಿಡೋಣ. ಕೊನೆ ಕಾಣುವ ದಾರಿಯನ್ನು ನಡೆಯುವುದು ಕೊನೆಯಿಲ್ಲದ ದಾರಿಯಷ್ಟು ಕಠಿಣವಲ್ಲ. ಫೋನ್ ಬಂದಾಗ ಹಣದ ಮಾತಿಗೆ ಮೊದಲು ಊಟ ನಿದ್ದೆಯ ಮಾತು ಬರಲಿ. ರಜೆಯಲ್ಲಿ ಬಂದವಳನ್ನು ಮೊದಲ ದಿನವೇ ನೆಂಟರ ಮನೆಗಳಿಗೆ ಸುತ್ತಿಸದೆ ಮೂರು ದಿನ ಮಲಗಲು ಬಿಡಿ. ಅವಳು ಇನ್ನು ಸಾಕು ಎಂದರೆ, ಜನ ಏನೆನ್ನುತ್ತಾರೆ ಎಂಬುದನ್ನು ಬದಿಗಿಟ್ಟು ಅವಳ ಮಾತನ್ನು ಪೂರ್ತಿ ಕೇಳಿ.

ನನ್ನಂಥ ಉಸ್ತಾದರಿಗೂ ಇದರಲ್ಲಿ ಪಾಠವಿದೆ. ಸಬ್ರ್ ಮಾಡು ಎಂಬ ಮಾತು ನಮ್ಮ ನಾಲಗೆಗೆ ಹತ್ತಿರವಿದೆ. ಅದನ್ನು ಹೇಳುವ ಮೊದಲು ಎದುರಿನವರ ಕಷ್ಟವನ್ನು ಕೇಳುವಷ್ಟು ಸಬ್ರ್ ನಮಗಿದೆಯೇ ಎಂದು ನೋಡಿಕೊಳ್ಳಬೇಕು.

ಆ ಉಮ್ಮ ಬಂದು ಹೋದ ಮರುದಿನ ನಾನೇ ಅವಳಿಗೆ ಕರೆ ಮಾಡಿದೆ. "ನಿನ್ನೆ ಎಷ್ಟು ಗಂಟೆ ನಿದ್ದೆ ಮಾಡಿದೆ ಮಗಳೇ?" ಎಂದು ಕೇಳಿದೆ. ಅವಳು ಉತ್ತರಿಸಲಿಲ್ಲ. ಬಹಳ ಹೊತ್ತು ಅತ್ತಳು. ನಾನು ಈ ಸಲ ಏನೂ ಹೇಳಲಿಲ್ಲ. ಅತ್ತು ಮುಗಿದ ಮೇಲೆ "ಉಸ್ತಾದ್, ಎಷ್ಟೋ ದಿನಗಳ ನಂತರ ಅಳು ಬಂತು" ಎಂದಳು. ಏನೂ ಅನಿಸುವುದಿಲ್ಲ ಎಂದವಳಿಗೆ ಅಳು ಬಂದಿತ್ತು. ಅವಳ ಈಮಾನ್ ಎಲ್ಲಿಗೂ ಹೋಗಿರಲಿಲ್ಲ, ದಣಿವಿನ ಅಡಿಯಲ್ಲಿ ಮಲಗಿತ್ತು.

ಈಗ ಅವಳು ವೈದ್ಯರನ್ನು ಕಂಡಿದ್ದಾಳೆ. ಪಾಳಿ ಬದಲಿಸಲು ಕೇಳಿಕೊಂಡಿದ್ದಾಳೆ, ಇನ್ನೂ ಉತ್ತರ ಬಂದಿಲ್ಲ. ಕರಾರು ಮುಗಿಯಲು ಎಂಟು ತಿಂಗಳು ಉಳಿದಿವೆ. ಅವಳ ತಮ್ಮ ಪೇಟೆಯ ಅಂಗಡಿಯೊಂದರಲ್ಲಿ ಕೆಲಸಕ್ಕೆ ಸೇರಿದ್ದಾನೆ. ಮಾಳಿಗೆಯ ಕೆಲಸವನ್ನು ನಿಲ್ಲಿಸಿದ್ದಾರೆ.

ಅಲ್ಲಾಹನೇ, ರೋಗಿಗಳ ಹಾಸಿಗೆಯ ಬಳಿ ಎಚ್ಚರವಿರುವ ಎಲ್ಲರಿಗೂ ನೆರಳನ್ನು ಕರುಣಿಸು. ಅವರ ನಿದ್ದೆಯಲ್ಲಿ ಬರ್ಕತ್ ನೀಡು. ಅವರ ಮಾತನ್ನು ಕೇಳುವ ಕಿವಿಯನ್ನು ನಮಗೆ ದಯಪಾಲಿಸು. ಆಮೀನ್.